ಬೆಕ್ಕಿಗೆ ಸೂಜಿ, ಹೊಳೆವ್ವನಿಗೆ ಕೋಣೆ

ನಮ್ಮ ಊರಲ್ಲಿ ಮನೆ ಕಟ್ಟಿಸುವವರು ಕಡಿಮೆ. ಮನೆಗಳು ತಾವೇ ಬೆಳೆಯುತ್ತವೆ. ಒಂದು ಕೂಸು ಹುಟ್ಟಿದರೆ ಮರುದಿನ ಬೆಳಗಾಗುವುದರೊಳಗೆ ಆ ಮನೆಗೆ ಒಂದು ಕೋಣೆ ಹೆಚ್ಚಾಗಿರುತ್ತದೆ. ಆಕಳು ಕರು ಹಾಕಿದರೆ ಕೊಟ್ಟಿಗೆ ಒಂದು ಗೇಣು ಮುಂದಕ್ಕೆ ಸರಿಯುತ್ತದೆ. ಬೆಕ್ಕು ಮರಿ ಹಾಕಿದರೆ ಮರಿಗೊಂದರಂತೆ ಗೋಡೆಯಲ್ಲಿ ಗೂಡು ಮೂಡುತ್ತವೆ, ಅವಕ್ಕೆ ಜಾಗ ಮಾಡಿಕೊಡಲು ಗೋಡೆ ಹೊರಕ್ಕೆ ಉಬ್ಬುತ್ತದೆ. ನಾನು ಈ ಊರಿಗೆ ಸೊಸೆಯಾಗಿ ಬಂದ ಹೊಸದರಲ್ಲಿ ಇದು ಹೇಗೆ ಎಂದು ನಮ್ಮ ಅತ್ತೆಯನ್ನು ಕೇಳಿದ್ದೆ. "ನಿಮ್ಮೂರಾಗ ದ್ವಾಸಿ ಹಿಟ್ಟು ರಾತ್ರಿ ಉಬ್ಬೂದಿಲ್ಲೇನು? ಹಂಗ," ಎಂದಿದ್ದರು. ಅಲ್ಲಿಗೆ ಆ ಮಾತು ಮುಗಿಯಿತು, ನಾನು ರೊಟ್ಟಿ ತಟ್ಟಲು ಕುಳಿತೆ.

ಮನೆಗೂ ಒಂದು ನ್ಯಾಯ ಇದೆ. ಅಲ್ಲಿ ಕರೆದು ಹಾಕಿದ ಅನ್ನ ಉಂಡವರು ಅಲ್ಲೇ ಹೆತ್ತರೆ ಮಾತ್ರ ಅದು ಜಾಗ ಕೊಡುತ್ತದೆ. ಇಲಿ ಕದ್ದು ತಿನ್ನುತ್ತದೆ, ಅದಕ್ಕೇ ಅದು ಮಾಳಿಗೆಯ ಸಂದಿಯಲ್ಲಿ ಎಷ್ಟು ಹೆತ್ತರೂ ಗೋಡೆ ಅಲುಗುವುದಿಲ್ಲ. ಬೆಕ್ಕಿಗೆ ನಾವೇ ಕರೆದು ಹಾಲು ಹಾಕುತ್ತೇವೆ, ಅದರ ಮರಿಗಳಿಗೆ ಗೂಡು ಸಿಗುತ್ತದೆ. ಜನ ಇದಕ್ಕೆಲ್ಲ ಹೊಂದಿಕೊಂಡಿದ್ದಾರೆ. ಜಾಗ ಸಾಲದವರು ದಿನ ತುಂಬಿದ ಎಮ್ಮೆಯನ್ನು ಹೊಲಕ್ಕೆ ಹೊಡೆದುಕೊಂಡು ಹೋಗುತ್ತಾರೆ. ಕಾವು ಕೂತ ಕೋಳಿಯನ್ನು ಬುಟ್ಟಿ ಸಮೇತ ಹೊತ್ತು ಹುಣಸೆ ಮರದ ಬುಡದಲ್ಲಿಟ್ಟು ಬರುತ್ತಾರೆ, ಕೋಳಿ ಬಯ್ಯುತ್ತಿರುತ್ತದೆ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕೆಂಬ ಪದ್ಧತಿ ನಮ್ಮಲ್ಲೂ ಇರುವುದರಿಂದ ಬರೀ ಗಂಡು ಹೆತ್ತವರ ಮನೆ ಇದ್ದಷ್ಟೇ ಇರುತ್ತದೆ, ಹೆಣ್ಣು ಹೆತ್ತವರ ಮನೆ ವಾಡೆಯಂತೆ ಹಬ್ಬುತ್ತದೆ.

ನಮ್ಮದು ಹಾಗೆ ಹಬ್ಬಿದ ಮನೆ. ನನಗೆ ಮೂವರು ಹೆಣ್ಣುಮಕ್ಕಳು. ನನ್ನ ತವರಿನಲ್ಲಿ ಬಾಣಂತನ ಮಾಡುವವರು ಯಾರೂ ಇರಲಿಲ್ಲ, ಹಾಗಾಗಿ ದೊಡ್ಡವರಿಬ್ಬರೂ ಈ ಮನೆಯಲ್ಲೇ ಹುಟ್ಟಿ ತಮ್ಮ ತಮ್ಮ ಕೋಣೆ ತಂದುಕೊಂಡರು. ಮುಂದೆ ಅವರ ಚೊಚ್ಚಲ ಮಕ್ಕಳೂ ಇಲ್ಲೇ ಹುಟ್ಟಿದವು, ದೊಡ್ಡವಳದು ಅವಳಿ. ಪೂರ್ವಕ್ಕೆ ಕೆರೆಯ ಏರಿ, ಪಶ್ಚಿಮಕ್ಕೆ ಮೈದುನನ ಮನೆ, ಮುಂದೆ ಬೀದಿ. ಮನೆಗೆ ಬೆಳೆಯಲು ಉಳಿದದ್ದು ತೆಂಕಣ ದಿಕ್ಕಿನ ಓಣಿ ಮಾತ್ರ.

ಮೂರನೆಯವಳಿಗೆ ಮಾತ್ರ ಕೋಣೆ ಇಲ್ಲ. ಅವಳು ನನ್ನ ಹೊಟ್ಟೆಯಲ್ಲಿದ್ದಾಗ ನಾನು ಆಚೆ ದಂಡೆಗೆ ಮದುವೆಗೆ ಹೋಗಿದ್ದೆ. ತಿರುಗಿ ಬರುವಾಗ ದೋಣಿ ನಡುಹೊಳೆಯಲ್ಲಿದ್ದಾಗಲೇ ಹುಟ್ಟಿಬಿಟ್ಟಳು. ಹೊಳೆವ್ವ ಎಂದು ಹೆಸರಿಟ್ಟೆವು. ತನ್ನ ದೋಣಿಗೆ ಅವತ್ತು ಒಂದು ಹಲಗೆ ಹೆಚ್ಚಾಯಿತೆಂದು ಅಂಬಿಗ ಇವತ್ತಿಗೂ ಆಣೆ ಮಾಡಿ ಹೇಳುತ್ತಾನೆ. ಹೆಚ್ಚಾಗಿದ್ದರೆ ಅದು ಅವನಿಗೇ ಇರಲಿ, ನನ್ನ ಮಗಳಿಗಂತೂ ಏನೂ ಸಿಗಲಿಲ್ಲ. ಅಕ್ಕಂದಿರ ಕೋಣೆಯಲ್ಲಿ ಒಂದು ದಿನ ಇವಳ ಹತ್ತಿರ, ಒಂದು ದಿನ ಅವಳ ಹತ್ತಿರ ಮಲಗಿ ಬೆಳೆದಳು. ಜಗಳವಾದ ದಿನ ಇಬ್ಬರೂ ಹೊರಗೆ ಹಾಕುತ್ತಿದ್ದರು, ಆಗ ಹಾಸಿಗೆ ಸುತ್ತಿಕೊಂಡು ಪಡಸಾಲೆಗೆ ಬರುತ್ತಿದ್ದಳು. ಅತ್ತವಳಲ್ಲ. "ಪಡಸಾಲ್ಯಾಗ ಗಾಳಿ ಚೊಲೋ ಬರ್ತೈತಿ," ಎನ್ನುತ್ತಿದ್ದಳು.

ಅಂಥ ಹೊಳೆವ್ವ ಮದುವೆಯಾದ ಎರಡನೆಯ ವರ್ಷ ಒಂದು ಮಧ್ಯಾಹ್ನ ಗಂಡನೊಂದಿಗೆ ಬಂದಳು. ಅಳಿಯ ಪಡಸಾಲೆಯಲ್ಲಿ ಕುಳಿತು ವಿನಾಕಾರಣ ನಗುತ್ತಿದ್ದ. ಅದರಿಂದಲೇ ನನಗೆ ಗೊತ್ತಾಯಿತು.

"ಎಷ್ಟ ತಿಂಗಳಬೇ?" ಎಂದೆ.

"ಮೂರು," ಎಂದಳು. ಆಮೇಲೆ ಒಲೆಯ ಮುಂದೆ ನನ್ನ ಪಕ್ಕಕ್ಕೆ ಬಂದು ಕುಳಿತು, ಕುಳ್ಳು ಮುರಿಯುತ್ತ, ನನ್ನ ಮುಖ ನೋಡದೆ ಹೇಳಿದಳು: "ಯವ್ವಾ, ನನಗಂತೂ ಇಲ್ಲ. ಇರಲಿ ಬಿಡು. ನನ್ನ ಕೂಸಿಗೆ ಮಾತ್ರ ಈ ಮನ್ಯಾಗ ಒಂದು ಕೋಲಿ ಬೇಕು."

ಕೊಡುತ್ತೇನೆ ಎಂದು ನಾನು ತಟ್ಟನೆ ಹೇಳಲಾರದೆ ಹೋದದ್ದಕ್ಕೆ ಓಣಿ ಕಾರಣ. ಆ ಓಣಿಯಿಂದಲೇ ಮೇಲಿನ ಕೇರಿಯ ಹೆಂಗಸರೆಲ್ಲ ಬಾವಿಗೆ ಹೋಗಬೇಕು. ಅದಕ್ಕೊಂದು ಕಟ್ಟಳೆ ಇದೆ. ಹೆಂಗಸೊಬ್ಬಳು ಟೊಂಕದ ಮೇಲೆ ತುಂಬಿದ ಕೊಡ ಇಟ್ಟುಕೊಂಡು ನಡೆದರೆ ಕೊಡ ಯಾವ ಗೋಡೆಗೂ ತಾಗಬಾರದು. ತಾಗಿದರೆ ಎರಡೂ ಬದಿಯ ಮನೆಗಳಲ್ಲಿ ಹೆರಿಗೆ ಬಂದ್. ಹೆರಬೇಕಾದವರು ಬೇರೆಲ್ಲಾದರೂ ಹೋಗಬೇಕು. ಕೊಡ ಹೊತ್ತು ಅಳೆಯುವ ಅಧಿಕಾರ ಸಕ್ರವ್ವನದು. ಅವಳು ಓಣಿಯ ಆಚೆ ಬದಿಯ ಮನೆಯವಳು, ನನಗಿಂತ ಹಿರಿಯಳು, ಕೇರಿಯಲ್ಲೇ ಮೈ ತುಂಬಿದ ಹೆಂಗಸು. ಸಕ್ರವ್ವ ಹಿಡಿಸಿದರೆ ಉಳಿದವರು ಹಿಡಿಸುತ್ತಾರೆ ಎಂದು ಹಿರಿಯರು ಅವಳನ್ನೇ ಅಳತೆಗೋಲು ಮಾಡಿದ್ದಾರೆ. ಅವಳಿಗೆ ಅದರ ಹೆಮ್ಮೆಯೂ ಇದೆ. ಊಟದಲ್ಲಿ ಯಾರಾದರೂ ಸಾಕು ಎಂದರೆ, "ನಾ ತೆಳ್ಳಗಾದ್ರ ಓಣಿ ಕೆಡತೈತಿ," ಎಂದು ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳುತ್ತಾಳೆ.

ಹೊಳೆವ್ವನನ್ನು ಕರೆದುಕೊಂಡು ಅವಳ ಮನೆಗೆ ಹೋದೆ. ಸಕ್ರವ್ವ ಅವಳ ಕೆನ್ನೆ ಸವರಿ ನೆಟಿಗೆ ಮುರಿದು, ಸೆರಗು ಸಿಕ್ಕಿಸಿಕೊಂಡು ಓಣಿಗಿಳಿದಳು. ಗೇಣು ಹಾಕುತ್ತ ಹೋದಳು, ತಿರುಗಿ ಬಂದಳು.

"ಒಂದು ಕೋಲಿ ಹಿಡಿಸತೈತಿ ನೀಲವ್ವ. ಒಂದ. ಅದರ ಮ್ಯಾಲೆ ಬಟ್ಟು ಹೆಚ್ಚಾದ್ರೂ ಇಲ್ಲ."

ನನಗೆ ಜೀವ ಬಂದಂತಾಯಿತು. ಅಷ್ಟರಲ್ಲಿ ನಮ್ಮ ಬೆಕ್ಕು ದೊರೆಸಾನಿ ಗೋಡೆಯ ಮೇಲಿನಿಂದ ಧೊಪ್ಪೆಂದು ಇಳಿದು, ಮೈ ಮುರಿದು, ನಮ್ಮ ಮೂವರ ನಡುವೆ ಹಾದುಹೋಯಿತು. ಹಿಂದೆಯೇ ಸಕ್ರವ್ವನ ಬೆಕ್ಕು ಕಮಲಿ. ನಾವು ಮೂವರೂ ಮಾತು ನಿಲ್ಲಿಸಿ ಆ ಎರಡನ್ನೂ ನೋಡಿದೆವು. ನಮ್ಮ ಗೋಡೆಯಲ್ಲಿರುವ ಗೂಡುಗಳಲ್ಲಿ ಮುಕ್ಕಾಲು ಪಾಲು ದೊರೆಸಾನಿಯವೇ. ಒಂದರಲ್ಲಿ ಅರಿಷಿಣ, ಒಂದರಲ್ಲಿ ಸೂಜಿದಾರ, ಒಂದರಲ್ಲಿ ನಮ್ಮ ಮನೆಯವರ ಎಲೆ ಅಡಿಕೆ. ಇಡಲು ಸಾಮಾನು ಮುಗಿದರೂ ಗೂಡು ಮುಗಿದಿರಲಿಲ್ಲ. ಆಚೆ ಗೋಡೆಯಲ್ಲಿ ಕಮಲಿಯವು ಅಷ್ಟೇ ಇದ್ದವು. ಹೊಳೆವ್ವ ಹೆರುವ ಮೊದಲು ಇವೆರಡರಲ್ಲಿ ಯಾವುದು ಮರಿ ಹಾಕಿದರೂ ಕೋಣೆಯ ಜಾಗಕ್ಕೆ ಕುತ್ತು.

ನಮ್ಮ ಮನೆಯವರು ದೊರೆಸಾನಿಯನ್ನು ಚೀಲದಲ್ಲಿ ಹಾಕಿಕೊಂಡು ಹೊಳೆ ದಾಟಿಸಿ ಬಿಟ್ಟು ಬಂದರು. ಅವರು ಮನೆ ಸೇರುವಷ್ಟರಲ್ಲಿ ಅದು ಬಂದು ಅವರ ಹಾಸಿಗೆಯ ಮೇಲೆಯೇ ಮಲಗಿತ್ತು. ಅಂಬಿಗ ಕರೆತಂದನಂತೆ. "ಪಾಪ, ದಂಡಿ ಮ್ಯಾಲೆ ಕೂತು ಕಾಯಾಕತ್ತಿತ್ರಿ," ಎಂದ.

ಡಾಕ್ಟರ್ ವಾರಿಜಾ ನಮ್ಮ ಊರಿಗೆ ಬಂದದ್ದು ಅದೇ ದಿನಗಳಲ್ಲಿ. ದೂರದ ಪಶುವೈದ್ಯ ಸಂಸ್ಥೆಯೊಂದರಲ್ಲಿ ಕೆಲಸ ಮಾಡುವ ಹುಡುಗಿ, ಕನ್ನಡಕ, ಹೆಗಲಿಗೆ ನೀರಿನ ಬಾಟಲಿ, ಕೈಯಲ್ಲಿ ಮಂಜುಗಡ್ಡೆಯ ಡಬ್ಬಿ. ಬೆಕ್ಕು ನಾಯಿಗಳಿಗೆ ಬಸಿರು ನಿಲ್ಲದಂತೆ ಮಾಡುವ ಲಸಿಕೆಯೊಂದನ್ನು ತಯಾರಿಸಿ, ಅದನ್ನು ಪರೀಕ್ಷೆ ಮಾಡಲು ಊರು ಹುಡುಕುತ್ತಿದ್ದಳಂತೆ.

"ಬೇರೆ ಕಡೆ ಯಾವ ಬೆಕ್ಕು ಎಲ್ಲಿ ಮರಿ ಹಾಕಿತು, ಎಷ್ಟು ಹಾಕಿತು ಅಂತ ಅಟ್ಟ ಅಟ್ಟ ಹತ್ತಿ ಹುಡುಕಬೇಕು ನೀಲಕ್ಕಾ. ನಿಮ್ಮೂರಲ್ಲಿ ಗೋಡೆ ನೋಡಿದರೆ ಸಾಕು," ಎಂದಳು. ಮನೆ ಬೆಳೆಯುವುದಕ್ಕೆ ಆಕೆ ಒಂದಿಷ್ಟೂ ಬೆರಗಾಗಲಿಲ್ಲ. ನನಗೆ ಆಕೆ ಹಿಡಿಸಿದ್ದು ಅದಕ್ಕೇ.

ಸಂಜೆ ಅರಳಿಕಟ್ಟೆಯ ಮುಂದೆ ಎಲ್ಲರನ್ನೂ ಕೂಡಿಸಿ ವಿವರ ಹೇಳಿದಳು. ಹೆಣ್ಣಿನ ಒಳಗಿರುವ ತತ್ತಿಗೆ ಒಂದು ತೆಳುವಾದ ಪೊರೆ ಇರುತ್ತದೆ. ಗಂಡಿನ ಬೀಜ ಬಂದರೆ ಮೊದಲು ಆ ಪೊರೆಗೆ ಅಂಟಿಕೊಳ್ಳಬೇಕು, ಅಂಟಿದರೆ ಮಾತ್ರ ಒಳಗೆ ಹೋಗಲು ದಾರಿ. ಸೂಜಿಯಲ್ಲಿ ಹಾಕುವುದು ಆ ಪೊರೆಯನ್ನೇ ಹೋಲುವ ಒಂದು ಚೂರು. ಹಂದಿಯ ತತ್ತಿಯ ಪೊರೆಯಿಂದ ಮಾಡಿದ್ದು ಬೇರೆ ಪ್ರಾಣಿಗಳಿಗೆ ನಡೆಯುತ್ತದೆ, ಬೆಕ್ಕಿಗೆ ಹತ್ತುವುದಿಲ್ಲ, ಅದಕ್ಕೇ ಬೆಕ್ಕಿನದನ್ನೇ ಹೋಲುವಂತೆ ಆಕೆ ಬೇರೆ ಮಾಡಿದ್ದಳು. ಮೈ ಆ ಚೂರನ್ನು ಕಂಡು ಯಾರೋ ಹೊರಗಿನವರು ನುಗ್ಗಿದರು ಎಂದು ತಿಳಿದು ಕಾವಲು ಹುಟ್ಟಿಸುತ್ತದೆ. ಎರಡನೆಯ ಸೂಜಿಗೆ ಕಾವಲು ಗಟ್ಟಿಯಾಗುತ್ತದೆ. ಆಮೇಲೆ ಆ ಕಾವಲಿನವರು ಹೋಗಿ ತಮ್ಮದೇ ತತ್ತಿಯ ಸುತ್ತ ನಿಂತುಬಿಡುತ್ತಾರೆ. ಗಂಡಿನ ಬೀಜ ಬಂದರೆ ಅಂಟಲು ಜಾಗವೇ ಇರುವುದಿಲ್ಲ.

"ಬಸ್ಸಿನಾಗ ಸೀಟಿಗೆ ಟಾವೆಲ್ ಹಾಕಿಟ್ಟಂಗ," ಎಂದರು ನಮ್ಮ ಮನೆಯವರು.

"ಹಾಗೇ," ಎಂದು ವಾರಿಜಾ ನಕ್ಕಳು. "ಇಷ್ಟು ಚೆನ್ನಾಗಿ ನಮ್ಮ ಸಂಸ್ಥೆಯಲ್ಲಿ ಯಾರೂ ಹೇಳಿಲ್ಲ."

"ಎಲ್ಲಾ ಹೆಣ್ಣ ಬೆಕ್ಕಿಗೇನ? ಗಂಡ ಬೆಕ್ಕಿಗೆ ಇಲ್ಲೇನ್ರಿ ಬಾಯಾರ?" ಇದು ಸಕ್ರವ್ವ.

"ಅದರ ಬೀಜದ ಮೇಲೂ ಕೆಲಸ ನಡೆದಿದೆ. ಹೆಣ್ಣಿನವು ಬೆರಳೆಣಿಕೆಯ ತತ್ತಿ, ಗಂಡಿನವು ಲಕ್ಷಗಟ್ಟಲೆ ಬೀಜ. ಅಷ್ಟಕ್ಕೂ ಕಾವಲು ಹಾಕುವುದು ಕಷ್ಟ."

"ಗಂಡಸ್ರನ್ನ ಕಾಯೂದು ಯಾವತ್ತಿದ್ರೂ ಕಷ್ಟಾನ ಬಿಡ್ರಿ," ಎಂದಳು ಸಕ್ರವ್ವ. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಕಟ್ಟೆಯ ಮೇಲಿದ್ದ ಗಂಡಸರಲ್ಲಿ ನಾಲ್ಕಾರು ಮಂದಿಗೆ ಅದೇ ಹೊತ್ತಿಗೆ ಎತ್ತಿಗೆ ನೀರು ಕುಡಿಸುವುದು ನೆನಪಾಯಿತು.

ಮೇಲಿನ ಕೇರಿಯ ಸೊಸೆಯೊಬ್ಬಳು, ಕಂಕುಳಲ್ಲಿ ಒಂದು ಕೂಸು, ಕೈಯಲ್ಲಿ ಒಂದು, ಹಿಂದಿನಿಂದ ತಗ್ಗಿದ ದನಿಯಲ್ಲಿ ಕೇಳಿದಳು: "ನಮಗ ಯಾವಾಗ ಬರ್ತೈತ್ರಿ?"

ಕಟ್ಟೆಯ ಹಿರಿಯ ಬಾಳಪ್ಪಜ್ಜ ಕಣ್ಣರಳಿಸಿದ. ಸಣ್ಣದಾಗುತ್ತಿರುವ ಓಣಿಗಳೆಲ್ಲ ಅವನ ತಲೆಯಲ್ಲಿ ಸುಳಿದವೆಂದು ಕಾಣುತ್ತದೆ. "ಹೌದ್ರಿ, ಬಂದ್ರ ಚೊಲೋನ. ಇಂತಿಂಥಾ ಮನಿಯವ್ರಿಗೆ ಹಾಕ್ರಿ ಅಂತ ನಾವ ಕೂತು ತೀರ್ಮಾನ ಮಾಡತೀವಿ," ಎಂದ.

ವಾರಿಜಾಳ ನಗು ನಿಂತಿತು. "ಮನುಷ್ಯರಿಗೆ ಇನ್ನೂ ಬಂದಿಲ್ಲ ಅಜ್ಜಾ. ಹಾಕಿದ ಕಾವಲನ್ನು ಮಗು ಬೇಕೆನಿಸಿದಾಗ ತೆಗೆಯಲು ಬರುತ್ತದೆ ಅಂತ ಖಾತ್ರಿಯಾಗದೆ ಯಾರ ಮೈಗೂ ಸೂಜಿ ಮುಟ್ಟಿಸುವುದಿಲ್ಲ. ಬಂದ ಮೇಲೂ ಬೇಕೋ ಬೇಡವೋ ಎನ್ನುವುದು ಈಕೆಯ ಮಾತು. ಓಣಿಯದ್ದಲ್ಲ, ಕಟ್ಟೆಯದ್ದೂ ಅಲ್ಲ." ಬಾಳಪ್ಪಜ್ಜ ಕೆಮ್ಮಿದ. ಆ ಸೊಸೆ ಕಂಕುಳ ಕೂಸನ್ನು ಮೇಲಕ್ಕೆತ್ತಿಕೊಂಡು ಒಂದು ಹೆಜ್ಜೆ ಮುಂದೆ ಬಂದು ನಿಂತಳು.

ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು. ಆಮೇಲೆ ವಾರಿಜಾ ಒಂದು ಮಾತು ಹೇಳಿದಳು. ಎದುರುಬದುರು ಮನೆಗಳನ್ನು ಜೋಡಿ ಮಾಡುತ್ತಾಳಂತೆ. ಜೋಡಿಯಲ್ಲಿ ಒಂದು ಮನೆಯ ಬೆಕ್ಕಿಗೆ ಲಸಿಕೆ, ಇನ್ನೊಂದಕ್ಕೆ ಬರೀ ಉಪ್ಪುನೀರು. ಯಾವ ಬಾಟಲಿಯಲ್ಲಿ ಏನಿದೆ ಎಂಬುದು ಆಕೆಗೂ ಗೊತ್ತಿಲ್ಲ, ದೂರದಲ್ಲಿ ಸಂಸ್ಥೆಯವರೊಬ್ಬರಿಗೆ ಮಾತ್ರ ಗೊತ್ತು. ಹಾಗೆ ಮಾಡದಿದ್ದರೆ ಮರಿ ಆಗದ್ದು ಲಸಿಕೆಯಿಂದಲೋ ಬೆಕ್ಕಿನ ಮರ್ಜಿಯಿಂದಲೋ ತಿಳಿಯುವುದಿಲ್ಲ.

"ಉಪ್ಪನೀರು ಹಾಕಾಕ ಅಷ್ಟ ದೂರದಿಂದ ಬಂದ್ರೇನ್ರಿ? ನಮ್ಮನ್ಯಾಗ ಉಪ್ಪಿಲ್ಲೇನು?" ಎಂದಳು ಸಕ್ರವ್ವ.

ನಮ್ಮ ಮನೆಗೆ ಎದುರು ಮನೆ ಸಕ್ರವ್ವನದೇ. ದೊರೆಸಾನಿ, ಕಮಲಿ, ಎರಡರಲ್ಲಿ ಒಂದಕ್ಕೆ ಬರೀ ನೀರು. ಆ ರಾತ್ರಿ ಊಟ ಬಡಿಸುತ್ತ ವಾರಿಜಾಳನ್ನು ಪುಸಲಾಯಿಸಿದೆ. ಹೊಳೆವ್ವನ ವಿಷಯವೆಲ್ಲ ಹೇಳಿದೆ. ಆಕೆ ರೊಟ್ಟಿ ಕೈಯಲ್ಲೇ ಹಿಡಿದು ಕೇಳಿದಳು, ಕಣ್ಣು ಒರೆಸಿಕೊಂಡಳು, ಆದರೆ ಗೊತ್ತಿಲ್ಲದ್ದನ್ನು ಎಲ್ಲಿಂದ ಹೇಳಬೇಕು? ಮರುದಿನ ಎರಡೂ ಬೆಕ್ಕುಗಳ ಕೊರಳಿಗೆ ಕೆಂಪು ದಾರ ಕಟ್ಟಿ, ದಾರಕ್ಕೆ ಮನೆಯ ನಂಬರಿನ ಬಿಲ್ಲೆ ಪೋಣಿಸಿ, ತೊಡೆಗೆ ಸೂಜಿ ಹಾಕಿದಳು. ದೊರೆಸಾನಿ ನಮ್ಮ ಮನೆಯವರ ಕೈ ಪರಚಿತು. ಎರಡನೆಯ ಸೂಜಿ ಬರುವ ತಿಂಗಳು ಎಂದು ಹೇಳಿ ಬೇರೆ ಕೇರಿಗೆ ಹೋದಳು.

ಬಾವಿಯ ಕಟ್ಟೆಯ ಮೇಲೆ ಒಂದು ದಿನ ಸಕ್ರವ್ವ ನನ್ನ ಪಕ್ಕದಲ್ಲಿ ಕೊಡ ಇಳಿಸಿ ಕುಳಿತಳು.

"ನೀಲವ್ವ, ಕಾಲುವಿ ನೀರು ನಾವು ಹೆಂಗ ಹಂಚ್ಕೋತೀವಿ?"

"ಪಾಳಿ ಮ್ಯಾಲೆ."

"ಗಾಣ? ಹೋರಿ? ಕಣ?"

"ಎಲ್ಲಾ ಪಾಳಿ ಮ್ಯಾಲೇನ ಅಲ್ಲಬೇ ಸಕ್ರಕ್ಕ."

"ಮತ್ತ ಇದ್ಯಾವ ನ್ಯಾಯ? ಒಬ್ಬರಿಗೆ ಎರಡೂ ಸಲ ಔಷಧ, ಒಬ್ಬರಿಗೆ ಎರಡೂ ಸಲ ನೀರು? ಮೊದಲನೇ ಪಾಳಿ ಹ್ಯಾಂಗೂ ಆತು. ಎರಡನೇದಕ್ಕ ದಾರ ಅದಲು ಬದಲು ಮಾಡೂಣು. ನಿನ್ನ ಬೆಕ್ಕು ನಮ್ಮ ಮನ್ಯಾಗ ಇರಲಿ, ನನ್ನದು ನಿಮ್ಮನ್ಯಾಗ. ಯಾರಿಗೆ ಏನೇ ಬರಲಿ, ಇಬ್ಬರಿಗೂ ಒಂದೊಂದು ಸಲ ಔಷಧ ಮುಟ್ಟತೈತಿ."

ನನಗೆ ಅದು ಎಷ್ಟು ಸರಿಯೆನಿಸಿತೆಂದರೆ ನಾನು ಮೊದಲೇ ಯಾಕೆ ಯೋಚಿಸಲಿಲ್ಲವೋ ಎಂದು ನಾಚಿಕೆಯಾಯಿತು. "ಬಾಯಾರಿಗೆ ಹೇಳೂದೇನು?" ಎಂದೆ.

"ಬ್ಯಾಡ. ಓದಿದ ಹುಡುಗಿ. ತನಗ ಹೊಳೀಲಿಲ್ಲಲ್ಲ ಅಂತ ಮನಸಿಗೆ ಹಚ್ಕೋತಾಳ."

ನಮ್ಮ ಊರಿನ ಬೆಕ್ಕುಗಳೆಲ್ಲ ಒಂದೇ ಮೂಲದವು, ಬೂದಿ ಬಣ್ಣ, ಬೆನ್ನಿಗೆ ಕಪ್ಪು ಪಟ್ಟೆ. ದಾರ ಬಿಚ್ಚಿ ಕಟ್ಟಿದರೆ ಅವುಗಳ ತಾಯಿಗೂ ಗುರುತು ಸಿಗದು. ಸೂಜಿಯ ದಿನ ಬೆಕ್ಕು ಆ ಮನೆಯದೇ ಎಂಬಂತೆ ಕಾಣಬೇಕಲ್ಲ, ಅದಕ್ಕೇ ನಾಲ್ಕು ದಿನ ಮೊದಲೇ ಬದಲಾಯಿಸಿಕೊಂಡೆವು. ಕಮಲಿ ನಮ್ಮ ಮನೆಯಲ್ಲಿ ಮೊದಲ ದಿನ ಮುನಿಸಿಕೊಂಡು ಬುಟ್ಟಿಯೊಳಗೇ ಕುಳಿತಿತು. ನಾನು ಕರೆದು ಕರೆದು ಹಾಲನ್ನ ಹಾಕಿದೆ. ಮೂರನೆಯ ದಿನಕ್ಕೆ ನಮ್ಮ ಮನೆಯವರ ತೊಡೆ ಏರಿತು. ಆಚೆ ಮನೆಯಲ್ಲಿ ದೊರೆಸಾನಿಗೆ ಸಕ್ರವ್ವ ತುಪ್ಪ ಹಚ್ಚಿದ ರೊಟ್ಟಿ ತಿನ್ನಿಸುತ್ತಿದ್ದಳು. ವಾರಿಜಾ ಬಂದಳು, ಬಿಲ್ಲೆ ನೋಡಿದಳು, ಸೂಜಿ ಹಾಕಿದಳು, ಬೆಲ್ಲ ನೀರು ಕುಡಿದು ಹೋದಳು.

ಆಕೆಯ ಜೀಪು ತಿರುವು ದಾಟಿದ ಮೇಲೆ ಸಕ್ರವ್ವ ಓಣಿಯಲ್ಲಿ ನಿಂತು ಎದೆಗೆ ಕೈ ಹಚ್ಚಿದಳು. "ನೀಲವ್ವ... ನಾ ದೊರೆಸಾನಿನ್ನ ಕರದ ಕರದ ಉಣಿಸಿದೆ."

"ನಾನೂ ಕಮಲಿನ್ನ."

ಇಬ್ಬರಿಗೂ ಒಮ್ಮೆಲೇ ಹೊಳೆಯಿತು. ಈಗ ಎರಡೂ ಬೆಕ್ಕುಗಳು ಎರಡೂ ಮನೆಯ ಅನ್ನ ಉಂಡಿದ್ದವು. ಯಾವುದು ಎಲ್ಲಿ ಹೆತ್ತರೂ ಅಲ್ಲಿ ಗೂಡು ಏಳುತ್ತದೆ. ಕಾವಲು ಹಾಕಲು ಹೋಗಿ ನಾವು ಬಾಗಿಲು ಹೆಚ್ಚು ಮಾಡಿ ಕುಳಿತಿದ್ದೆವು.

ಬೆಕ್ಕುಗಳನ್ನು ಅವುಗಳ ಮನೆಗೇ ತಿರುಗಿ ತಂದರೂ ಅವು ಎರಡೂ ಮನೆಯಲ್ಲಿ ಉಣ್ಣುವುದನ್ನು ಬಿಡಲಿಲ್ಲ. ಆಮೇಲಿನ ದಿನಗಳಲ್ಲಿ ನನ್ನ ಬೆಳಗು ಗೋಡೆಯಿಂದಲೇ ಶುರು. ಮುಖ ತೊಳೆಯುವ ಮೊದಲು ತೆಂಕಣ ಗೋಡೆಯನ್ನು ಈ ಮೂಲೆಯಿಂದ ಆ ಮೂಲೆಯವರೆಗೆ ಅಂಗೈಯಿಂದ ಸವರುತ್ತಿದ್ದೆ, ಹೊಸ ಗೂಡೇನಾದರೂ ಎದ್ದಿದೆಯೇ ಎಂದು. ಆಚೆಯಿಂದಲೂ ಸರ್ ಸರ್ ಎಂಬ ಸಪ್ಪಳ ಕೇಳುತ್ತಿತ್ತು, ಸಕ್ರವ್ವ ಅವಳ ಗೋಡೆ ಸವರುತ್ತಿದ್ದಳು. "ಏನರ ಐತೇನಬೇ?" "ಇಲ್ಲಬೇ. ನಿಂದು?" "ಇಲ್ಲ." ಅಷ್ಟಾದ ಮೇಲೆ ಇಬ್ಬರೂ ಒಲೆ ಹಚ್ಚುತ್ತಿದ್ದೆವು. ಓಣಿಯಲ್ಲಿ ಗಂಡು ಬೆಕ್ಕು ಕೂಗಿದರೆ ನಮ್ಮ ಮನೆಯವರು ಊಟ ಬಿಟ್ಟು ಬಾರುಕೋಲು ಹಿಡಿದು ಓಡುತ್ತಿದ್ದರು. ಎತ್ತಿಗೂ ಅವರು ಆ ಬಾರುಕೋಲನ್ನು ಹಾಗೆ ಬೀಸಿದ್ದನ್ನು ನಾನು ನೋಡಿರಲಿಲ್ಲ.

ಏಳನೆಯ ತಿಂಗಳಲ್ಲಿ ಕುಬುಸ ಮಾಡಿ ಹೊಳೆವ್ವನನ್ನು ಕರೆತಂದೆವು. ಹಸಿರು ಸೀರೆ, ಕೈತುಂಬ ಹಸಿರು ಬಳೆ, ಮುಡಿ ತುಂಬ ಹೂವು. ಬಂದವಳು ಹಾಸಿಗೆ ಬಿಚ್ಚಿದ್ದು ಪಡಸಾಲೆಯಲ್ಲೇ. ಅಕ್ಕನ ಕೋಣೆ ಖಾಲಿ ಇದೆಯಲ್ಲ ಎಂದರೆ, "ಅದು ಅಕ್ಕಂದು," ಎಂದಳು.

ಅದಾಗಿ ಎರಡು ದಿನಕ್ಕೆ ದೊರೆಸಾನಿ ಕಾಣೆಯಾಯಿತು. ಮರಿ ಹಾಕುವ ಮೊದಲು ಅದು ಹೀಗೆಯೇ ಮಾಯವಾಗುತ್ತಿತ್ತು. ಕಣಜ ಇಣುಕಿದೆ, ಮೇವಿನ ಬಣವೆ ಕೆದರಿದೆ, ಅಟ್ಟಕ್ಕೆ ನಮ್ಮ ಮನೆಯವರನ್ನು ಹತ್ತಿಸಿದೆ. ಹೊಳೆವ್ವ ಹೊಟ್ಟೆ ಹಿಡಿದುಕೊಂಡು "ದೊರೀ, ದೊರೀ" ಎಂದು ಓಣಿಯುದ್ದಕ್ಕೂ ಕರೆದಳು. ಹುಡುಕಿ ಹುಡುಕಿ ಸಾಕಾಗಿ ಬಂದು ನನ್ನ ಪಕ್ಕ ಕುಳಿತು, "ಹೋಗ್ಲಿ ಬಿಡಬೇ. ಪಡಸಾಲ್ಯಾಗ ಗಾಳಿ ಚೊಲೋ ಬರ್ತೈತಿ," ಎಂದಳು. ಚಿಕ್ಕವಳಿದ್ದಾಗ ಆ ಮಾತಿಗೆ ನಾನು ನಗುತ್ತಿದ್ದೆ. ಅವತ್ತು ಎದ್ದು ಒಳಗೆ ಹೋದೆ.

ಅಷ್ಟರಲ್ಲಿ ಆಚೆ ಮನೆಯಿಂದ ಸಕ್ರವ್ವ ಕೂಗಿದಳು. ಅವಳ ಅಟ್ಟದಲ್ಲಿ, ಕೌದಿಯ ಗಂಟಿನ ಮೇಲೆ, ದೊರೆಸಾನಿಯೂ ಕಮಲಿಯೂ ಒಂದರ ಮೇಲೊಂದು ಕಾಲು ಹಾಕಿ ಮಲಗಿದ್ದವು. ಎರಡರ ಹೊಟ್ಟೆಯೂ ಮಡಕೆಯಂತೆ ಉಬ್ಬಿತ್ತು.

ವಾರಿಜಾ ಅವತ್ತು ಗೋಡೆ ನೋಡಲು ಊರಿಗೆ ಬಂದಿದ್ದಳು. ಕರೆಸಿದೆವು. ಆಕೆ ಅಟ್ಟ ಹತ್ತಿ, ಕೌದಿಯ ಮೇಲೆ ಕುಳಿತು, ಒಂದೊಂದನ್ನೇ ಮಡಿಲಲ್ಲಿಟ್ಟುಕೊಂಡು ಹೊಟ್ಟೆಯನ್ನು ಬೆರಳ ತುದಿಯಿಂದ ಮೆಲ್ಲಗೆ ಒತ್ತಿ ನೋಡಿದಳು. ಕೆಳಗೆ ನಾವೆಲ್ಲ ಏಣಿ ಹಿಡಿದು ಕತ್ತು ಎತ್ತಿ ನಿಂತಿದ್ದೆವು.

"ಇದರ ಹೊಟ್ಟೆಯಲ್ಲಿ ರೊಟ್ಟಿ ಬಿಟ್ಟರೆ ಏನೂ ಇಲ್ಲ," ಎಂದಳು. ಕಮಲಿಯನ್ನೂ ನೋಡಿದಳು. "ಇದರಲ್ಲೂ ಇಲ್ಲ. ಏನು ತಿನ್ನಿಸಿದಿರಿ ಇವಕ್ಕೆ? ಎರಡೂ ಮನೆಯಲ್ಲಿ ಉಂಡಿವೆಯೇ?" ಹೊಳೆವ್ವ ಏಣಿಯ ಬುಡದಲ್ಲೇ ಕುಸಿದು ಕುಳಿತು ನಗತೊಡಗಿದಳು. ನಕ್ಕು ನಕ್ಕು ಬಳೆಗಳೆಲ್ಲ ಗಲಗಲ ಎಂದವು.

ಆದರೆ ಏಣಿ ಇಳಿದ ವಾರಿಜಾಳ ಹಣೆ ಗಂಟಿಕ್ಕಿತ್ತು. ಊರಿನ ಉಳಿದ ಜೋಡಿಗಳಲ್ಲೆಲ್ಲ ಒಂದು ಗೋಡೆ ಸುಮ್ಮನಿದ್ದರೆ ಎದುರಿನದರಲ್ಲಿ ಹೊಸ ಗೂಡು ಎದ್ದಿವೆ, ಈ ಓಣಿಯಲ್ಲಿ ಮಾತ್ರ ಎರಡೂ ಗೋಡೆ ಸುಮ್ಮನಿವೆ, ಉಪ್ಪುನೀರಿನ ಬೆಕ್ಕಿಗೆ ಏನಾಯಿತು ಎಂದು ಆಕೆ ತನ್ನಷ್ಟಕ್ಕೆ ಹೇಳಿಕೊಂಡಳು.

ಸಕ್ರವ್ವನಿಗೆ ತಡೆಯಲಾಗಲಿಲ್ಲ. "ಅದು ನಮ್ಮ ಕೆಲಸರಿ ಬಾಯಾರ," ಎಂದು ಸೆರಗು ಸರಿಮಾಡಿಕೊಂಡು, ಪಾಳಿಯ ವಿಷಯ ಮೊದಲಿಂದ ಕಡೆಯವರೆಗೆ ಹೇಳಿದಳು. ಬಹುಮಾನ ಕೊಡುತ್ತಾರೆಂಬಂತೆ ನಿಂತಳು.

ವಾರಿಜಾ ಕನ್ನಡಕ ತೆಗೆದಳು, ಒರೆಸಿದಳು, ಹಾಕಿಕೊಂಡಳು. "ಸಕ್ರಕ್ಕಾ, ಈ ಓಣಿಯ ಲೆಕ್ಕ ಪೂರಾ ಕೆಟ್ಟುಹೋಯಿತು. ಇದನ್ನು ನಾನು ಪರೀಕ್ಷೆಯಿಂದ ಬಿಡಬೇಕು. ಯಾಕೆ ಬಿಟ್ಟೆ ಅಂತ ದೊಡ್ಡವರ ಮುಂದೆ ನಿಂತು ಹೇಳಬೇಕು. ಬೆಕ್ಕುಗಳು ಪಾಳಿ ಮಾಡಿದವು ಅಂತ ಹೇಳಲೇ?"

"ಹೇಳ್ರಿ. ಅದರಾಗೇನೈತಿ?" ಎಂದಳು ಸಕ್ರವ್ವ, ನಿಜವಾಗಿಯೂ ತಿಳಿಯದೆ.

ವಾರಿಜಾ ಅವಳ ಮುಖವನ್ನೇ ನೋಡಿದಳು. ತುಟಿ ಬಿಗಿಹಿಡಿದಳು, ಸೋತಳು, ಹೊಟ್ಟೆ ಹಿಡಿದು ನಕ್ಕಳು. ಊಟಕ್ಕೆ ಕುಳಿತಾಗ ಸಿಟ್ಟೂ ಇಳಿದು ಬೇರೆ ಯೋಚನೆ ಹತ್ತಿತ್ತು. ಒಂದೇ ಸೂಜಿಗೆ ಕಾವಲು ನಿಲ್ಲುತ್ತದೆಯೋ, ಇಲ್ಲ ಇವೆರಡಕ್ಕೆ ಈ ಸಲ ಸುಮ್ಮನೆ ಆಗಲಿಲ್ಲವೋ, ಎರಡು ಬೆಕ್ಕು ನೋಡಿ ಹೇಳಲು ಬರುವುದಿಲ್ಲವಂತೆ. ಒಂದೇ ಸೂಜಿಯದನ್ನು ಬೇರೆಯಾಗಿ ಪರೀಕ್ಷೆ ಮಾಡಬೇಕು, ಅದಕ್ಕೆ ಇನ್ನೊಂದು ವರ್ಷ ಇದೇ ಊರಿಗೆ ಬರಬೇಕು. "ಆದರೆ ದಾರ ಮುಟ್ಟಿದರೆ ನೋಡಿ," ಎಂದಳು. ನಾನು ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ.

ಹೊಳೆವ್ವನಿಗೆ ಬೇನೆ ಬಂದದ್ದು ಒಂದು ಮಧ್ಯಾಹ್ನ. ನರ್ಸ್ ಬಾಯಿ ಬಂದಳು, ಸಕ್ರವ್ವ ಬಂದಳು. ದನಗಳು ಮನೆಗೆ ಬರುವ ಹೊತ್ತಿಗೆ ಕೂಸು ಅತ್ತಿತು. ಹೆಣ್ಣು. ಸಕ್ರವ್ವ ಅದನ್ನು ಮೊರದಲ್ಲಿ ಹಾಕಿಕೊಂಡು ಎತ್ತಿ ತೋರಿಸಿ, "ಇಕಿನೂ ಮನಿ ಬೆಳಸಾಕ ಬಂದಾಳ ನೋಡು. ಅಜ್ಜಿ ಮನ್ಯಾಗ ಹಡೀತೀನಿ ಅಂದ್ರ ಇನ್ನ ಇಪ್ಪತ್ತು ವರ್ಷಕ್ಕ ಮತ್ತ ಓಣಿ ಜಗಳ," ಎಂದಳು.

ಬೆಳಿಗ್ಗೆ ಎದ್ದಾಗ ತೆಂಕಣ ಗೋಡೆ ಅಲ್ಲಿರಲಿಲ್ಲ. ಗೋಡೆಯಿದ್ದಲ್ಲಿ ಒಂದು ಬಾಗಿಲು, ಅದರಾಚೆ ಒಂದು ಕೋಣೆ. ಅದು ದೊಡ್ಡದೇನಲ್ಲ. ಓಣಿಯಲ್ಲಿ ಇದ್ದಷ್ಟೇ ಜಾಗದಲ್ಲಿ ಬಂದದ್ದು, ಉದ್ದ ಹೆಚ್ಚು, ಅಗಲ ಕಡಿಮೆ. ಹೊಸ ಮಣ್ಣಿನ ವಾಸನೆ, ಮೇಲಿನ ಬೆಳಕಿಂಡಿಯಿಂದ ಬಿಸಿಲಿನ ಒಂದು ಕೋಲು.

ಹೊರಗೆ ಓಣಿಯ ಬಾಯಲ್ಲಿ ಜನ ಸೇರಿದ್ದರು. ಬಾಳಪ್ಪಜ್ಜ ಕೋಲೂರಿ ಮುಂದೆ ನಿಂತಿದ್ದ. ಸಕ್ರವ್ವ ತಲೆಗೆ ನೀರು ಹಾಕಿಕೊಂಡು, ಬಾವಿಯಿಂದ ಕಂಠಮಟ್ಟ ತುಂಬಿದ ಕೊಡ ಟೊಂಕಕ್ಕೆ ಏರಿಸಿಕೊಂಡು ಓಣಿಗೆ ಕಾಲಿಟ್ಟಳು. ಅವಳು ಹೊಟ್ಟೆ ಒಳಗೆಳೆದುಕೊಂಡದ್ದನ್ನು ನಾನು ಕಂಡೆ. ಅಷ್ಟು ವರ್ಷಗಳಲ್ಲಿ ಅವಳು ಹಾಗೆ ಮಾಡಿದ್ದನ್ನು ಎಂದೂ ಕಂಡಿರಲಿಲ್ಲ. ನಡು ಓಣಿಯಲ್ಲಿ, ನಮ್ಮ ಹೊಸ ಗೋಡೆಯ ಹತ್ತಿರ, ಕಿರ್ ಎಂದು ಸಣ್ಣಗೆ ಸಪ್ಪಳವಾಯಿತು.

"ತಾಗ್ತಲ್ಲಬೇ?" ಎಂದ ಬಾಳಪ್ಪಜ್ಜ.

"ಅದು ನನ್ನ ಬಳಿ ಸಪ್ಪಳ," ಎಂದಳು ಸಕ್ರವ್ವ, ಕೈಬಳೆ ಕುಲುಕಿಸುತ್ತ, ನಿಲ್ಲದೆ.

"ಬಳಿ ಅದಾವು ಕೈಯಾಗ. ಸಪ್ಪಳ ಬಂತು ಗ್ವಾಡ್ಯಾಗ."

ಸಕ್ರವ್ವ ನಿಂತಳು. ತಿರುಗಲು ಜಾಗವಿರಲಿಲ್ಲ, ಹಾಗಾಗಿ ಹಿಮ್ಮುಖವಾಗಿ ನಾಲ್ಕು ಹೆಜ್ಜೆ ಇಟ್ಟು ಅವನ ಮುಂದೆ ಬಂದು ಕೊಡ ಚಾಚಿದಳು. "ಹಿಡಿ ಮಾವ. ನನ್ನ ಅಳತಿ ಮ್ಯಾಲೆ ನಂಬಿಕಿ ಇಲ್ಲಂದ್ರ ನೀನ ಹೊತ್ತು ನಡದು ತೋರಸು. ಟೊಂಕದ ಮ್ಯಾಲೆ." ಬಾಳಪ್ಪಜ್ಜ ಹುಟ್ಟಿದಾಗಿನಿಂದ ಕೊಡ ಎತ್ತಿದವನಲ್ಲ. ಕೊಡ ನೋಡಿದ, ತನ್ನ ಟೊಂಕ ನೋಡಿಕೊಂಡ. "ಬಳಿ ಸಪ್ಪಳಾನ ಇರಬೇಕು," ಎಂದ. ಹೆಂಗಸರು ಹೋ ಎಂದರು. ಮೇಲಿನ ಕೇರಿಯವರು ಒಬ್ಬರ ಹಿಂದೊಬ್ಬರು ಕೊಡ ಹಿಡಿದು ಬಾವಿಗೆ ಹೊರಟರು.

ನಾನು ಒಳಗೆ ಓಡಿದೆ. ಹೊಳೆವ್ವ ಕೂಸನ್ನು ಎತ್ತಿಕೊಂಡು ಹೊಸ ಕೋಣೆಯ ಹೊಸ್ತಿಲ ಈಚೆಯೇ ನಿಂತಿದ್ದಳು.

"ಯಾಕಬೇ, ಒಳಗ ಹೋಗವಲ್ಲಿ?"

"ಇದು ಇಕಿದು ಅಲ್ಲೇನಬೇ ಯವ್ವಾ. ಇಕಿನ್ನ ಕೇಳದ ಹೆಂಗ ಹೋಗ್ಲಿ?"

"ಕೇಳು ಮತ್ತ."

ಅವಳು ಕೂಸಿನ ಕಿವಿಗೆ ಬಾಯಿ ಹಚ್ಚಿ ಏನೋ ಕೇಳಿದಳು. ಕೂಸು ಬಾಯಿ ಅಗಲ ಮಾಡಿ ಆಕಳಿಸಿತು. "ಬಾ ಅಂದ್ಲು," ಎಂದು ಹೊಳೆವ್ವ ಬಲಗಾಲಿಟ್ಟು ಒಳಗೆ ಹೋದಳು. ಬಾಗಿಲು ಮುಚ್ಚಿತು. ಒಳಗಿನಿಂದ ಅಗುಳಿ ಬಿದ್ದ ಸಪ್ಪಳ ಕೇಳಿಸಿತು.

ಸಕ್ರವ್ವ ಬಾಣಂತಿಗೆ ಎರೆಯಲು ಎಣ್ಣೆ ಬಟ್ಟಲು ಹಿಡಿದು ಬಂದಳು. ಒಲೆಯ ಮೇಲೆ ಹಂಡೆಯ ನೀರು ಕುದಿಯುತ್ತಿತ್ತು. ನಾನು ಬಾಗಿಲು ಬಡಿದೆ.

"ತಡೀಬೇ ಯವ್ವಾ," ಎಂದು ಒಳಗಿನಿಂದ ಹೊಳೆವ್ವ ಅಂದಳು. "ನಾವಿಬ್ರೂ ಕಾಲು ಚಾಚಿ ಮಲಗೀವಿ."

"ನೀರು ಆರತೈತಿ ಹುಡುಗಿ!" ಎಂದು ಸಕ್ರವ್ವ ಕೂಗಿದಳು.

ಆರಿದರೆ ಮತ್ತೆ ಕಾಯಿಸಿದರಾಯಿತು. ನಾನು ಅವಳ ಕೈಯಿಂದ ಎಣ್ಣೆ ಬಟ್ಟಲು ತೆಗೆದಿಟ್ಟು, ಒಲೆಗೆ ಇನ್ನೆರಡು ಕುಳ್ಳು ಒಟ್ಟಿ, ಬಾಗಿಲ ಮುಂದೆ ಕುಳಿತೆ.